ಎರಡು ಸ್ಕೇಲು, ಒಂದು ವಿಮಾನ

ಉಗುರುಬಣ್ಣದ ವಾಸನೆ ನಿಮಗೆ ಏನನ್ನು ನೆನಪಿಗೆ ತರುತ್ತದೋ ನನಗೆ ಗೊತ್ತಿಲ್ಲ. ಹೆಚ್ಚಿನವರಿಗೆ ಮದುವೆಮನೆಯೋ ಅಕ್ಕನ ಟ್ರಂಕೋ ನೆನಪಾಗಬಹುದು. ನನಗೆ ವಿಮಾನ ನೆನಪಾಗುತ್ತದೆ. ನಗಬೇಡಿ. ಮೊನ್ನೆ ಭಾನುವಾರ ಮಗಳು ಮೇಘನಾ ಹಾಲ್‌ನಲ್ಲಿ ಕಾಲು ಚಾಚಿ ಕೂತು ಉಗುರಿಗೆ ಬಣ್ಣ ಬಳಿದುಕೊಳ್ಳುತ್ತಿದ್ದಳು. ಆ ವಾಸನೆ ಫ್ಯಾನಿನ ಗಾಳಿಗೆ ಸಿಕ್ಕಿ ಅಡುಗೆಮನೆಯವರೆಗೂ ಬಂತು. ನಾನು ಸೌಟು ಹಿಡಿದವಳು ಹಾಗೆಯೇ ನಿಂತುಬಿಟ್ಟೆ.

"ಅಮ್ಮಾ, ನನ್ನ ಕೈ ಒಣಗಿಲ್ಲ. ಆ ಕರ್ಟನ್ ಬಟ್ಟೆ ಆರಡಿಗೆ ಅಳೆದು ಕತ್ತರಿಸಿಬಿಡ್ತೀಯಾ?" ಎಂದು ಕೂಗಿದಳು.

ಬೀರುವಿನ ಡ್ರಾಯರಿನಲ್ಲಿ ಟೇಪು ಹುಡುಕಿದೆ. ಬೇಕಾದಾಗ ಸಿಗದಿರುವುದೇ ಟೇಪಿನ ಧರ್ಮ. ಕೈಗೆ ಸಿಕ್ಕಿದ್ದು ಎರಡಡಿ ಉದ್ದದ ಉಕ್ಕಿನ ಸ್ಕೇಲು. ಅಂಚು ಸವೆದಿದೆ, ಬೆನ್ನಿನ ಮೇಲೆ ಮೊಳೆಯಿಂದ ಕೆತ್ತಿದ 'ಏ' ಎಂಬ ಒಂದೇ ಅಕ್ಷರ. ಏಳುಮಲೈ ಮೇಸ್ತ್ರಿಯ ಸ್ಕೇಲು. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ಎಷ್ಟು ಹೊತ್ತು ಕೂತೆನೋ, ಒಲೆಯ ಮೇಲಿನ ಸಾರು ಮಾತ್ರ ಉಕ್ಕಿ ಹರಿಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ವಿದ್ಯಾನಗರದಲ್ಲಿ ಬಾಡಿಗೆ ಮನೆ. ಕಾಲೇಜಿನಲ್ಲಿ ಮಾಡೆಲ್ ವಿಮಾನದ ಸಂಘ ಅಂತ ಒಂದಿತ್ತು. ಸಂಘ ಎಂದರೆ ನಾನು ಮತ್ತು ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ನಾನು ಹಾರುವ ಲೆಕ್ಕಾಚಾರವನ್ನೆಲ್ಲ ಬೋರ್ಡಿನ ಮೇಲೆ ಚೆನ್ನಾಗಿ ಬರೆಯುತ್ತಿದ್ದೆ. ಕೈಗೆ ಗರಗಸ ಕೊಟ್ಟರೆ ಮಾತ್ರ ನೆಟ್ಟಗೆ ಕೊಯ್ದವಳಲ್ಲ. ಆ ವರ್ಷದ ಗಣರಾಜ್ಯೋತ್ಸವಕ್ಕೆ ತಂತಿ ಕಟ್ಟಿ ಸುತ್ತ ಹಾರಿಸುವ ಸಣ್ಣ ವಿಮಾನವೊಂದನ್ನು ಮೈದಾನಕ್ಕೆ ಒಯ್ದಿದ್ದೆ. ಅದು ಮೂರು ಸುತ್ತು ಹಾಕಿ ನಾಲ್ಕನೆಯದರಲ್ಲಿ ಮೂಗು ಕೆಳಗೆ ಮಾಡಿ ನೆಲಕ್ಕೆ ಬಿತ್ತು. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದ ಜನ ಚಪ್ಪಾಳೆ ತಟ್ಟಿದರು.

ಚೂರುಗಳನ್ನು ಆಯ್ದುಕೊಳ್ಳುತ್ತಿದ್ದಾಗ ಐವತ್ತು ದಾಟಿದ ಒಬ್ಬರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಇಸ್ತ್ರಿ ಮಾಡಿದ ಬಿಳಿ ಶರಟು, ಕಿವಿಯ ಸಂದಿಯಲ್ಲಿ ಪೆನ್ಸಿಲು.

"ಈ ರೆಕ್ಕೆ ಯಾರು ಮಾಡಿದ್ದು ಮೇಡಂ?"

"ನಾನೇ."

"ಗಂಟಿರೋ ಮರ ಹಾಕಿದೀರ. ಗಂಟಿರೋ ಕಡೆನೇ ಮುರಿದಿದೆ, ನೋಡಿ."

ಸಿಟ್ಟು ಬಂತು. ನೋಡಿದರೆ ಮುರಿದಿದ್ದು ಗಂಟಿನಲ್ಲೇ. ಏಳುಮಲೈ ಮೇಸ್ತ್ರಿಯ ಪರಿಚಯವಾದದ್ದು ಹೀಗೆ.

ಅವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪ್ಯಾಟರ್ನ್ ಮಾಡಿದವರು. ಹಾಗೆಂದರೇನು ಎಂದು ನೀವು ಕೇಳುವಿರಿ, ನಾನೂ ಕೇಳಿದ್ದೆ. ಉಕ್ಕಿನ ಗಾಲಿಯೊಂದು ಬೇಕಾದರೆ ಮೊದಲು ಅದನ್ನು ಮರದಲ್ಲಿ ಮಾಡಬೇಕು. ಆ ಮರದ ಗಾಲಿಯನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು ಉಳಿಯುತ್ತದೆ. ಅದಕ್ಕೆ ಕರಗಿದ ಉಕ್ಕು ಹೊಯ್ಯುತ್ತಾರೆ. ಉಕ್ಕಿನ ಗಾಲಿ ಊರೂರಿಗೆ ಹೋಗುತ್ತದೆ, ಮರದ್ದು ಗೋಡೌನಿನ ಮೂಲೆ ಸೇರುತ್ತದೆ. ಮೇಸ್ತ್ರಿ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು.

"ನಾನು ಮಾಡಿದ್ದನ್ನ ಯಾರೂ ನೋಡಿಲ್ಲ ಮೇಡಂ," ಎಂದರು ಆವತ್ತು, ಮುರಿದ ರೆಕ್ಕೆಯನ್ನು ತಿರುಗಿಸುತ್ತಾ. "ಮರ ನನ್ನದು, ಹೆಸರು ಉಕ್ಕಿಂದು. ಒಂದ್ಸಲ, ಒಂದೇ ಒಂದ್ಸಲ, ಮರದಲ್ಲಿ ಮಾಡಿದ್ದು ಮರವಾಗೇ ಇದ್ದು ಕೆಲಸ ಮಾಡ್ಬೇಕು. ಅದನ್ನ ನಾನು ನೋಡ್ಬೇಕು."

ನನ್ನ ಬೀರುವಿನಲ್ಲಿ ಆರು ವರ್ಷದಿಂದ ಮಡಿಸಿಟ್ಟ ಒಂದು ನಕ್ಷೆಯಿತ್ತು. ಹಳೆಯ ವಿದೇಶಿ ಪತ್ರಿಕೆಯಿಂದ ಕತ್ತರಿಸಿದ್ದು. ರೇಡಿಯೊದಿಂದ ನಡೆಸುವ ದೊಡ್ಡ ವಿಮಾನ, ಒಂದೊಂದು ರೆಕ್ಕೆ ನಾಲ್ಕಡಿ. ಪತ್ರಿಕೆಯಲ್ಲಿದ್ದದ್ದು ಅಂಗೈಯಗಲದ ಚಿತ್ರ, ಪಕ್ಕದಲ್ಲಿ ಅಳತೆಗಳು. ಅವುಗಳಂತೆ ನಾವೇ ದೊಡ್ಡದಾಗಿ ಬರೆದುಕೊಳ್ಳಬೇಕು. ಮುಂದಿನ ಭಾನುವಾರ ಅದನ್ನು ಹಿಡಿದು ಭದ್ರಾವತಿಯ ಬಸ್ಸು ಹತ್ತಿದೆ.

"ಎಂಟಡಿಯಾ? ನಮ್ಮ ಹಾಲೇ ಹತ್ತಡಿ ಇರೋದು ಮಾರಾಯ್ತಿ," ಎಂದರು ನನ್ನ ಯಜಮಾನರು. "ವಿಮಾನ ಒಳಗೆ, ನಾವು ವರಾಂಡದಲ್ಲಿ. ಹಾಗಾ?"

ಅದಕ್ಕೇ ಕೆಲಸ ಹಂಚಿಕೊಂಡೆವು. ಒಡಲು, ಬಾಲ, ಎಡ ರೆಕ್ಕೆ ಮೇಸ್ತ್ರಿಯವು. ಬಲ ರೆಕ್ಕೆ ನಾನು ಮಾಡುತ್ತೇನೆಂದು ಹಟ ಹಿಡಿದೆ. ಗಂಟಿನ ಮಾತು ಇನ್ನೂ ಚುಚ್ಚುತ್ತಿತ್ತು. ಯಂತ್ರಗಳು ಬರುತ್ತಿದ್ದ ಪೈನ್ ಮರದ ಪೆಟ್ಟಿಗೆಗಳನ್ನು ಮೇಸ್ತ್ರಿ ಗುಜರಿಯಿಂದ ತಂದು ಒಡೆದು, ಒಂದೂ ಗಂಟಿಲ್ಲದ ಪಟ್ಟಿಗಳನ್ನು ಸೀಳಿ ಕೊಟ್ಟರು. ಪ್ರತಿ ಭಾನುವಾರ ಆ ಪಟ್ಟಿಗಳ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ವಾಪಸು ಬರುತ್ತಿದ್ದೆ. ಬಸ್ಸು ಮಲವಗೊಪ್ಪಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ಬಸ್ಸಿನ ಸದ್ದು ಎಂಜಿನ್ನಿನದಾಗಿ, ಕಿಟಕಿಯಾಚೆ ಗದ್ದೆಗಳು ಕೆಳಗೆ ಕೆಳಗೆ ಹೋಗಿ, ನಾನು ಎಷ್ಟೋ ಸಲ ಶಿವಮೊಗ್ಗದ ಮೇಲೆ ಹಾರಿದ್ದೇನೆ. ತುಂಗಾ ನದಿ ಮೇಲಿನಿಂದ ಬೆಳ್ಳಿಯ ಉಡಿದಾರದ ಹಾಗೆ ಕಾಣುತ್ತಿತ್ತು. ಕಂಡಕ್ಟರು ಭುಜ ತಟ್ಟಿ ಇಳಿಸುತ್ತಿದ್ದ.

ಮೇಸ್ತ್ರಿಯ ಹೆಂಡತಿ ಸರೋಜಮ್ಮನಿಗೆ ಈ ಕೆಲಸದಲ್ಲಿ ನಂಬಿಕೆ ಇರಲಿಲ್ಲ, ನನ್ನ ಹಸಿವಿನಲ್ಲಿ ಇತ್ತು. "ಮೊದಲು ಸಾಪಾಟು ಆಗ್ಲಿ ಮೇಡಂ, ಆಮೇಲೆ ಏರೋಪ್ಲೇನು," ಎಂದು ತಟ್ಟೆ ಇಡುತ್ತಿದ್ದರು. ನಾನು ಉಣ್ಣುವಾಗ ಮೇಸ್ತ್ರಿ ಉಳಿ ಮಸೆಯುತ್ತಿದ್ದರು. ಅವರ ಉಳಿಯ ಕೆಳಗೆ ಮರ ಸದ್ದಿಲ್ಲದೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಅದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಏಳು ತಿಂಗಳಾದ ಮೇಲೆ ನನ್ನ ರೆಕ್ಕೆಯೂ ಮುಗಿಯಿತು. ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಎರಡು ಸೀಟಿನ ಟಿಕೆಟ್ ತೆಗೆಸಿ ಒಯ್ದೆ. ಜೋಡಿಸುವುದನ್ನು ನೋಡಲು ಮೇಸ್ತ್ರಿಯ ಜೊತೆ ಕೆಲಸ ಮಾಡಿದ್ದ ಇಬ್ಬರು ಹಳಬರೂ ಬಂದಿದ್ದರು. ಮಂಚದ ಮೇಲೆ ಎರಡೂ ರೆಕ್ಕೆಗಳನ್ನು ಪಕ್ಕಪಕ್ಕ ಇಟ್ಟೆವು. ನನ್ನದು ಒಂದಿಂಚು ಗಿಡ್ಡ.

ಹಳಬರಲ್ಲೊಬ್ಬರು, "ಹೆಂಗಸರ ಕೈ, ಒಂದಿಂಚು ಆಚೆ ಈಚೆ ಆಗುತ್ತೆ ಬಿಡಿ," ಎಂದರು. ಚೀಲದಿಂದ ನನ್ನ ಸ್ಕೇಲು ತೆಗೆದು ಅಳೆದೆ. ಸರಿಯಾಗಿ ನಲವತ್ತೆಂಟು ಇಂಚು. ಮೇಸ್ತ್ರಿ ತಮ್ಮ ಸ್ಕೇಲಿನಿಂದ ತಮ್ಮ ರೆಕ್ಕೆ ಅಳೆದರು. ಅದೂ ಸರಿಯಾಗಿ ನಲವತ್ತೆಂಟು. ನಾನು ಅವರ ಕೈಯಿಂದ ಸ್ಕೇಲು ಕಿತ್ತುಕೊಂಡು ನನ್ನದರ ಪಕ್ಕ ಇಟ್ಟೆ. ಅವರ ಎರಡಡಿ ನನ್ನ ಎರಡಡಿಗಿಂತ ಅರ್ಧ ಇಂಚು ಉದ್ದ.

ಕಾರಣ ಬಹಳ ಸರಳ. ಕರಗಿದ ಉಕ್ಕು ಆರುವಾಗ ಒಂದಡಿಗೆ ಕಾಲಿಂಚಿನಷ್ಟು ಕುಗ್ಗುತ್ತದೆ. ಅದಕ್ಕೆ ಪ್ಯಾಟರ್ನ್ ಮಾಡುವವರ ಸ್ಕೇಲಿನ ಒಂದೊಂದು ಇಂಚೂ ಮೊದಲೇ ಅಷ್ಟು ಹಿಗ್ಗಿರುತ್ತದೆ. ಇಪ್ಪತ್ತೆಂಟು ವರ್ಷ ಆ ಸ್ಕೇಲು ಹಿಡಿದ ಕೈ ಮನೆಯಲ್ಲೂ ಅದನ್ನೇ ಹಿಡಿದಿತ್ತು. ಎದುರಿಗಿರುವುದು ಅಚ್ಚಿಗೆ ಹೋಗುವ ಮರವಲ್ಲ ಎಂದು ಕೈಗೆ ಹೇಗೆ ಗೊತ್ತಾಗಬೇಕು?

ಇದನ್ನು ಈಗ ಇಷ್ಟು ಮೃದುವಾಗಿ ಬರೆಯುತ್ತಿದ್ದೇನೆ. ಆವತ್ತು ನಾನು ಮಾತಾಡಿದ್ದು ಹೀಗಲ್ಲ. ಗೆದ್ದವಳ ಗಂಟಲಿನಲ್ಲಿ, ಆ ಹಳಬರಿಬ್ಬರಿಗೂ ಕೇಳಿಸುವಂತೆ, ಪರೀಕ್ಷೆಯಲ್ಲಿ ನಪಾಸಾದ ಹುಡುಗರಿಗೆ ಹೇಳುವ ಧಾಟಿಯಲ್ಲೇ ಹೇಳಿದೆ. "ಮೇಸ್ತ್ರಿ, ನಿಮ್ಮ ಸ್ಕೇಲೇ ತಪ್ಪು! ಏಳು ತಿಂಗಳು ಮಾಡಿದ್ದೆಲ್ಲಾ ತಪ್ಪು ಅಳತೆ!"

ಅವರು ಸ್ಕೇಲನ್ನು ವಾಪಸು ತೆಗೆದುಕೊಂಡು ಅಂಗೈಯಲ್ಲಿ ಒರೆಸಿದರು. "ಹೌದಲ್ಲ. ಮರ ಕುಗ್ಗಲ್ಲ," ಎಂದರು. "ಇದೂ ಪ್ಯಾಟರ್ನೇ ಆಗೋಯ್ತು ಮೇಡಂ," ಎಂದು ತಮ್ಮ ರೆಕ್ಕೆಯ ಮೇಲೆ ಬೆಡ್‌ಶೀಟು ಹೊದಿಸಿ ಒಳಗೆ ಹೋದರು. ಸರೋಜಮ್ಮ ಆವತ್ತು ಊಟಕ್ಕೆ ಕರೆಯಲಿಲ್ಲ.

ಎರಡು ತಿಂಗಳು ನಾನು ಭದ್ರಾವತಿಗೆ ಹೋಗಲಿಲ್ಲ. ನನ್ನ ಸ್ಕೇಲು ಸರಿಯಿತ್ತಲ್ಲ, ನಾನೇಕೆ ಹೋಗಲಿ? ಭಾನುವಾರ ಬಂದರೆ ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದೆ. ಒಂದು ದಿನ ಯಜಮಾನರು ಪೇಪರು ಕೆಳಗಿಟ್ಟು, "ನಿನ್ನ ಸ್ಕೇಲು ಸರಿ ಮಾರಾಯ್ತಿ, ಒಪ್ಪಿದೆ. ಆದರೆ ಆ ವಿಮಾನದಲ್ಲಿ ಮುಕ್ಕಾಲು ಪಾಲು ಅವರದು. ಮುಕ್ಕಾಲು ಭಾಗ ಕಾಲು ಭಾಗಕ್ಕೆ ಹೊಂದಿಕೋಬೇಕಾ?" ಎಂದರು.

ಹಾರುವ ಶಾಸ್ತ್ರ ಕಲಿಸುವ ನನಗೆ ಇದು ಹೊಳೆದಿರಲಿಲ್ಲ ನೋಡಿ. ಇಂಚು ಎಷ್ಟುದ್ದವಿದ್ದರೆ ಗಾಳಿಗೇನಂತೆ? ಎರಡೂ ಕಡೆ ಸಮ ಇದ್ದರೆ ಅದಕ್ಕೆ ಸಾಕು.

ಮುಂದಿನ ಭಾನುವಾರ ಮೊದಲ ಬಸ್ಸಿಗೇ ಹೊರಟೆ. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಬಾಗಿಲಲ್ಲಿ ಅವರನ್ನು ಕಂಡ ಕೂಡಲೇ ನಾಲಗೆ ಹೊರಳಲಿಲ್ಲ. "ನಿಮ್ಮ ಸ್ಕೇಲು ಬೇಕಿತ್ತು ಮೇಸ್ತ್ರಿ, ಬಲ ರೆಕ್ಕೆ ಹೊಸದಾಗಿ ಮಾಡ್ತೀನಿ," ಎಂದೆ.

"ಅದು ತಪ್ಪು ಸ್ಕೇಲಲ್ವಾ?"

"ವಿಮಾನಕ್ಕೆ ಇಂಚು ಗೊತ್ತಾಗಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಸ್ಕೇಲು ತಂದು ಕೊಟ್ಟರು. "ನಂಗೇ ಮುಟ್ಟೋಕೆ ಬಿಟ್ಟಿಲ್ಲ ಇಷ್ಟು ವರ್ಷ," ಎಂದರು ಹಿಂದಿನಿಂದ ಸರೋಜಮ್ಮ. ತಟ್ಟೆಯೂ ಬಂತು.

ಹೊಸ ರೆಕ್ಕೆ ಮೂರು ತಿಂಗಳು ತೆಗೆದುಕೊಂಡಿತು. ಮೇಸ್ತ್ರಿಯ ಎಡ ರೆಕ್ಕೆಯ ಜೊತೆ ಮಂಚದ ಮೇಲೆ ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೇಲೆ ಹೊದಿಸಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತೆಳು ರೇಷ್ಮೆ ಕೊಂಡೆ. "ಲೈನಿಂಗಿಗಾ ಮೇಡಂ?" ಎಂದು ಅಂಗಡಿಯವನು ಕೇಳಿದ. "ವಿಮಾನಕ್ಕೆ," ಎಂದೆ. ಅವನು ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ ಬಟ್ಟೆ ಕತ್ತರಿಸಿದ. ರೇಷ್ಮೆಯನ್ನು ಒದ್ದೆ ಮಾಡಿ ಎಳೆದು ಅಂಟಿಸಿ, ಮೇಲೆ ಮರಕ್ಕೆ ಹೊಡೆಯುವ ಲ್ಯಾಕರನ್ನು ತೆಳುವಾಗಿ ಬಳಿಯುವುದು. ಉಗುರುಬಣ್ಣದ ವಾಸನೆಯೇ ಅದರದೂ. ಒಂದು ಕೋಟು ಒಣಗಿದರೆ ಬಟ್ಟೆ ಡೋಲಿನ ಚರ್ಮದ ಹಾಗೆ ಬಿಗಿಯುತ್ತದೆ. ಏಳೆಂಟು ಕೋಟು ಬಳಿದೆವು. ಆ ಭಾನುವಾರಗಳಲ್ಲಿ ನಾನು, ಮೇಸ್ತ್ರಿ, ಸರೋಜಮ್ಮ ಮೂವರೂ ಆ ವಾಸನೆಯಲ್ಲಿ ಸ್ವಲ್ಪ ತೇಲುತ್ತಿದ್ದೆವೆಂದು ಕಾಣುತ್ತದೆ. ಸುಮ್ಮಸುಮ್ಮನೆ ನಗು ಬರುತ್ತಿತ್ತು. ಯಾವ ಬಣ್ಣ ಹೊಡೆಯೋಣ ಎಂದು ಕೇಳಿದೆ. ಪ್ಯಾಟರ್ನುಗಳಿಗೆ ಯಾವ ಭಾಗಕ್ಕೆ ಯಾವ ಬಣ್ಣ ಎಂಬ ಕಟ್ಟಳೆ ಇದೆಯಂತೆ, ಮರ ಒಂದಿಷ್ಟೂ ಕಾಣುವುದಿಲ್ಲವಂತೆ. ಮೇಸ್ತ್ರಿ ತಲೆಯಾಡಿಸಿದರು. "ಬಣ್ಣ ಬೇಡ. ಮರ ಕಾಣ್ಲಿ." ಬೆಳಕಿಗೆ ಹಿಡಿದರೆ ರೇಷ್ಮೆಯ ಒಳಗೆ ಒಂದೊಂದು ಪಟ್ಟಿಯೂ ಎಲೆಯ ನರದಂತೆ ಕಾಣುತ್ತಿತ್ತು.

ಎಂಜಿನ್ನು ಕೊಟ್ಟವರು ಹೊಳಲೂರಿನ ನನ್ನ ಶಿಷ್ಯೆಯೊಬ್ಬಳ ತಂದೆ. ಅಡಿಕೆಗೆ ಔಷಧಿ ಹೊಡೆಯುವ ಯಂತ್ರದ್ದು. "ಮಳೆಗಾಲಕ್ಕೆ ಮುಂಚೆ ವಾಪಸ್ ಕೊಡಿ ಮೇಡಂ, ಕೊಳೆರೋಗ ನಿಮ್ಮ ವಿಮಾನಕ್ಕೆ ಕಾಯಲ್ಲ," ಎಂದು ಷರತ್ತು ಹಾಕಿದ್ದರು. ಅವರ ಕೊಯ್ಲಾದ ಗದ್ದೆಯಲ್ಲೇ, ಮಾಘದ ಒಂದು ಬೆಳಿಗ್ಗೆ, ಹೊಳೆಯ ಮೇಲಿನ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ವಿಮಾನವನ್ನು ಬದುವಿನ ಪಕ್ಕ ಇಳಿಸಿದೆವು. ಮೇಸ್ತ್ರಿ ಚಪ್ಪಲಿ ಬಿಟ್ಟು ನಿಂತರು. ಕೈಯಲ್ಲಿ ಸ್ಕೇಲಿತ್ತು, ಏಕೆ ತಂದರೋ ತಿಳಿಯದು. ವಿಮಾನ ನಡೆಸುವ ರೇಡಿಯೊ ಪೆಟ್ಟಿಗೆ ನನ್ನ ಕೈಯಲ್ಲಿ. ಮೂರು ಸಣ್ಣ ವಿಮಾನಗಳನ್ನು ಮುರಿದು ಕಲಿತ ವಿದ್ಯೆ ನನ್ನದು. ಈ ಮರ ನೆಲಕ್ಕೆ ಬಿದ್ದರೆ ಅವರು ಇನ್ನೊಂದು ಮಾಡುವುದಿಲ್ಲ ಎಂದು ಗೊತ್ತಿತ್ತು. ಎಂಜಿನ್ನಿನ ವೇಗ ಏರಿಸಿದೆ.

ವಿಮಾನ ಕೂಳೆಗಳ ಮೇಲೆ ಕುಲುಕುತ್ತಾ ಓಡಿತು. ಬದು ಹತ್ತಿರ ಬಂತು. ಆಗ ಸದ್ದು ಬದಲಾಯಿತು, ಚಕ್ರಗಳ ಕೆಳಗೆ ಬೆಳಕು ಕಂಡಿತು. ಎಡಕ್ಕೂ ವಾಲದೆ ಬಲಕ್ಕೂ ವಾಲದೆ ಅದು ಏರಿತು. ಬಿಸಿಲು ರೇಷ್ಮೆಯ ಒಳಹೊಕ್ಕು, ಮೇಲೆ ಹಾರುತ್ತಿದ್ದದ್ದು ಬರೀ ಮರ ಮತ್ತು ಬೆಳಕು. ನನಗೆ ಬಸ್ಸಿನ ನಿದ್ದೆಯಲ್ಲೇ ಇದ್ದೇನೆ ಅನ್ನಿಸಿತು. ಯಾರಾದರೂ ಭುಜ ತಟ್ಟಿ ಇಳಿಸಿಬಿಡುತ್ತಾರೇನೋ ಎಂದು ಹೆದರಿದೆ.

ಓರೆಗಣ್ಣಿನಲ್ಲಿ ನೋಡಿದರೆ ಮೇಸ್ತ್ರಿ ಸ್ಕೇಲನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೊಳೆಯ ಕಡೆ ಹೋಗುತ್ತಿದ್ದ ವಿಮಾನವನ್ನು ಅಳೆಯುತ್ತಿದ್ದರು.

"ಎಷ್ಟಿದೆ ಮೇಸ್ತ್ರಿ?"

"ಮೂರಿಂಚು. ಈಗ ಎರಡು. ಕುಗ್ತಾ ಇದೆ ಮೇಡಂ." ಅವರ ಮುಖದ ತುಂಬ ನಗು. "ಕುಗ್ಗುತ್ತೆ ಅಂತ ನಾನು ಮೊದಲೇ ಒಂದಿಂಚು ಜಾಸ್ತಿ ಬಿಟ್ಟಿದ್ದೆನಲ್ಲ!"

ಆಮೇಲೆ ಸ್ಕೇಲು ಇಳಿಸಿ, ತಮ್ಮಷ್ಟಕ್ಕೇ ಎಂಬಂತೆ, "ಮರಾನೇ ಹೋಗ್ತಾ ಇದೆ," ಎಂದರು. ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ಹಾಗೇ ಇಳಿಯಿತು.

ಮಳೆಗಾಲದವರೆಗೆ ಹತ್ತಾರು ಸಲ ಹಾರಿಸಿದೆವು. ಎಂಜಿನ್ನನ್ನು ಬಿಚ್ಚಿ ವಾಪಸು ಕೊಟ್ಟ ದಿನ ಮೇಸ್ತ್ರಿ ಸ್ಕೇಲನ್ನು ನನ್ನ ಕೈಗಿತ್ತರು. "ನಾನು ಮಾಮೂಲಿ ಸ್ಕೇಲು ತಗೊಂಡೆ. ಇನ್ಮೇಲೆ ಕುಗ್ಗದೇ ಇರೋದನ್ನೇ ಮಾಡ್ತೀನಿ," ಎಂದರು. ಮಾಡಿದರು ಕೂಡ, ಮಣೆ, ತೊಟ್ಟಿಲು, ಮಗುವಿನ ನಡೆಗಾಡಿ. ನಮ್ಮ ಮೇಘನಾ ನಡೆಯಲು ಕಲಿತದ್ದು ಆ ನಡೆಗಾಡಿ ಹಿಡಿದೇ. ಈಗ ಅವರಿಲ್ಲ. ಅಷ್ಟು ವರ್ಷಗಳಲ್ಲಿ ಕ್ಷಮಿಸಿ ಎಂಬ ಒಂದು ಮಾತನ್ನು ನಾನು ಬಾಯಿಬಿಟ್ಟು ಹೇಳಲೇ ಇಲ್ಲ.

ಉಕ್ಕಿದ ಸಾರನ್ನು ಒರೆಸಿ ಬಂದು, ಅದೇ ಸ್ಕೇಲಿನಿಂದ ಬಟ್ಟೆಯನ್ನು ಆರಡಿ ಅಳೆದು ಕತ್ತರಿಸಿದೆ. ಮೇಘನಾಗೆ ಅಷ್ಟರಲ್ಲಿ ಟೇಪು ಸಿಕ್ಕಿತ್ತು.

"ಅಮ್ಮಾ, ಒಂದೂವರೆ ಇಂಚು ಜಾಸ್ತಿ ಕತ್ತರಿಸಿದೀಯ! ಫಿಸಿಕ್ಸ್ ಮೇಡಂ ಅಂತೆ. ನಿನ್ನ ಸ್ಕೇಲೇ ತಪ್ಪು."

"ತಪ್ಪಲ್ಲ ಕಣೇ," ಎಂದೆ. "ಹತ್ತಿ ಬಟ್ಟೆ, ಒಗೆದರೆ ಕುಗ್ಗುತ್ತೆ. ಮೊದಲೇ ಬಿಟ್ಟಿರೋದು ಅದು."

ಹೇಳುತ್ತಿದ್ದಂತೆ ಸ್ಕೇಲಿನ ಬೆನ್ನಿನ ಆ ಅಕ್ಷರದ ಮೇಲೆ ಬೆರಳಾಡಿಸಿದೆ. ಭದ್ರಾವತಿಯ ಆ ಮಂಚದ ಪಕ್ಕದಲ್ಲಿ, ಆ ಇಬ್ಬರು ಹಳಬರ ಎದುರಿಗೆ ಹೇಳಬೇಕಾಗಿದ್ದ ಮಾತು ಇದೇ. ಇಷ್ಟೇ ಸಾಕಿತ್ತು.

ಮಗಳು ನನ್ನ ಮುಖ ನೋಡಿ, ಬಣ್ಣದ ಸೀಸೆಯ ಮುಚ್ಚಳ ತೆಗೆದಳು. "ಬಾಮ್ಮ, ನಿನಗೂ ಹಚ್ತೀನಿ. ಕೈ ಕೊಡು."

ಬಲಗೈ ಚಾಚಿದೆ. ಎಡಗೈಯಲ್ಲಿ ಸ್ಕೇಲು ಇತ್ತು, ಅದನ್ನು ಕೆಳಗಿಡಲಿಲ್ಲ.