ಮೈನೊಳ ಗೋಡೆ

ಮೈನೊ ಹೆಂಬ್ರಮ್ ಗೋಡೆ ಬಳಿಯುವುದರಲ್ಲಿ ಹೆಸರಾದವಳು, ತಪ್ಪಾದರೆ ಒಪ್ಪಿಕೊಳ್ಳುವವಳೂ ಹೌದು. ಸೊಹ್ರಾಯ್ ಹಬ್ಬಕ್ಕೆ ಸಂತಾಲ ಹೆಂಗಸರೆಲ್ಲ ಮಣ್ಣಿನ ಗೋಡೆಗೆ ಹೊಸ ಲೇಪ ಕೊಡುತ್ತಾರೆ. ಆ ವರ್ಷ ಅವಳು ಯುರೇನಿಯಂ ಕಾರ್ಖಾನೆ ಅದಿರು ಅರೆದು ಉಳಿದ ಕಸ ಬಿಡುವ ಕೆಸರುಕೊಳದ ದಂಡೆಯಿಂದ ನುಣ್ಣನೆಯ ಬೂದುಮರಳು ತಂದು ಮಣ್ಣಿಗೆ ಬೆರೆಸಿದಳು. ಅಲ್ಲಿ ಬೇಲಿಯಿರಲಿಲ್ಲ, ಬೇಡವೆಂದವರೂ ಇರಲಿಲ್ಲ. ಗೋಡೆ ಕನ್ನಡಿಯಂತಾಯಿತು.

ಗಂಡ ದಾಸೊ ಗಣಿ ಕಾರ್ಮಿಕ. ಮೈಗೆ ತಾಗುವ ವಿಕಿರಣ ಅಳೆಯಲು ಗಣಿಯವರು ಅಂಗಿಗೆ ಸಿಕ್ಕಿಸಿದ್ದ ಬಿಲ್ಲೆಯನ್ನು ಹೊರಡುವಾಗ ಅಲ್ಲೇ ಬಿಟ್ಟು ಬರಬೇಕು. ಹಬ್ಬದ ಸಡಗರದಲ್ಲಿ ಮರೆತು ಮನೆಗೆ ತಂದ. ಅದರ ಮೇಲೆ ಜ್ವರ ಬಂದು ಮಲಗಿದ. ಅಂಗಿ, ಬಿಲ್ಲೆ ಎರಡೂ ಹೊಸ ಗೋಡೆಯ ಮೊಳೆಯಲ್ಲಿ ವಾರಗಟ್ಟಲೆ ನೇತಾಡಿದವು.

ಮುಂದೆ ಅವನು ಹಿಂದಿರುಗಿಸಿದ ಬಿಲ್ಲೆಯ ಅಳತೆ ಮಿತಿ ಮೀರಿ ಬಂತು. ಬೇಕೆಂದೇ ಅದಿರಿನ ಮೇಲಿಟ್ಟೆನೆಂದು ಬರೆದುಕೊಡು, ಇಲ್ಲವಾದರೆ ಕೆಲಸವಿಲ್ಲ ಎಂದ ಸುರಕ್ಷಾ ಅಧಿಕಾರಿ ಸಿನ್ಹಾ.

"ಬರ್ಕೊಟ್ಬಿಡ್ತೀನಿ ಕಣೇ" ಎಂದ ದಾಸೊ.

"ಬಿಲ್ಲೆ ನೇತಾಡಿದ್ದು ಈ ಗೋಡೇಲಿ, ಇದಕ್ಕೆ ಕೊಳದ ಮರಳು ತಂದೋಳು ನಾನು. ಬರ್ಕೊಡು. ಆಮೇಲೆ ಈ ಗೋಡೆ ತಬ್ಕೊಂಡು ನೀನೊಬ್ನೇ ಮಲ್ಕೊ."

ಬೆಳಿಗ್ಗೆ ಅವಳು ಗೋಡೆಯ ಹೆಂಟೆಯೊಂದನ್ನು ಕಿತ್ತು ಬುಟ್ಟಿಯಲ್ಲಿಟ್ಟು ಕಾರ್ಖಾನೆಯ ಗೇಟಿಗೆ ಹೊತ್ತೊಯ್ದಳು. ಕೊಳದ ಮರಳು ಬೆರೆಸಿದ ಗೋಡೆಯಿದು, ಬಿಲ್ಲೆ ನೇತಾಡಿದ್ದು ಇದರಲ್ಲೇ ಎಂದಳು. ಸಿನ್ಹಾ ಹಿಂದೆ ಸರಿದ.

"ದೂರ ಇಡು ಅದನ್ನ!"

"ಯಾಕೆ ಬಾಬು, ಕಚ್ಚುತ್ತಾ? ನಮ್ಮನೇಲಿ ಸುಮ್ನಿತ್ತಲ್ಲ!"

"ಆ ಮರಳು ಸರ್ಕಾರದ ಸೊತ್ತು. ಕೇಸು ಹಾಕಿದ್ರೆ ಜೈಲು, ಗೊತ್ತಾ?"

"ಹಾಕಿ. ಗೋಡೇಲಿ ವಿಷ ಎಷ್ಟಿದೆ ಅಂತ್ಲೂ ಕೇಸಲ್ಲಿ ಬರೀರಿ."

"ಅಳತೆ ಹೊರಗಿನವರಿಗೆ ಹೇಳೋ ಹಾಗಿಲ್ಲ. ಅಣುಶಕ್ತಿ ಕಾನೂನು."

"ಅದರ ಪಕ್ಕ ಮಲಗೋಳು ನಾನು. ನಾನು ಹೊರಗಿನೋಳಾ?"

ಪಾಳಿಗೆ ಬಂದವರು ಗೊಳ್ಳೆಂದು ನಕ್ಕರು.

ಮಧ್ಯಾಹ್ನ ಮನೆಮುಂದೆ ಕಾರ್ಖಾನೆಯ ಲಾರಿ ನಿಂತಿತು. "ಗೋಡೆ ಕೆಡವಿ ಒಯ್ತೀವಿ. ನಿನ್ನ ಗಂಡನ ಕೆಲಸ ಉಳಿಯುತ್ತೆ. ಬಾಯ್ಮುಚ್ಕೊಂಡಿರು" ಎಂದ ಮೇಸ್ತ್ರಿ. ದಾಸೊ ಆಗಲೇ ಪಾತ್ರೆಗಳನ್ನು ಹೊರಗಿಡತೊಡಗಿದ್ದ. ಮೈನೊ ಹಗ್ಗದ ಮಂಚವನ್ನು ಬಾಗಿಲಿಗೆ ಅಡ್ಡ ಹಾಕಿ ಕುಳಿತಳು.

"ಏನು ಒಯ್ತೀರಿ, ಯಾಕೆ ಒಯ್ತೀರಿ, ಬರ್ಕೊಟ್ಟು ಒಯ್ರಿ."

ಬರೆದುಕೊಡುವ ಅಧಿಕಾರ ಮೇಸ್ತ್ರಿಗಿರಲಿಲ್ಲ, ಇದ್ದವರು ಬರಲಿಲ್ಲ. ಲಾರಿ ಖಾಲಿ ಹೋಯಿತು. ದಾಸೊನ ಕೆಲಸವೂ ಹೋಗಲಿಲ್ಲ. ತೆಗೆಯಬೇಕಾದರೂ ಕಾರಣ ಬರೆಯಬೇಕಿತ್ತಲ್ಲ.

ಸಂಸಾರ ಅಂಗಳದಾಚೆ ತಾಳೆಗರಿಯ ಗುಡಿಸಲಿಗೆ ಬಂತು. ಮುಂದಿನ ಸೊಹ್ರಾಯ್‌ಗೆ ಮೈನೊ ಹಳೆಯ ಮನೆಯ ರಸ್ತೆಬದಿಯ ಗೋಡೆಯ ಮುಂದೆ ನಿಂತಳು. ಪ್ರತಿವರ್ಷ ಹೂಬಳ್ಳಿ ಬರೆಯುವ ಜಾಗದಲ್ಲಿ ಬಿಳಿಮಣ್ಣಿನಿಂದ ಆಳೆತ್ತರದ ಬಿಲ್ಲೆ ಬರೆದಳು. ಇದೇನೆಂದು ಕೇಳಿದವರಿಗೆಲ್ಲ ಹೇಳಿದಳು. ಅಳಿಸಿ ಎಂದು ಬರೆದುಕೊಡಲೂ ಯಾರೂ ಬರಲಿಲ್ಲ.