ಲುಟ್‌ಗಾರ್ಡ್ ಸುತ್ತದೆ ಬಿಟ್ಟ ಬೀದಿಗಳು

ನಿವೃತ್ತಳಾದ ಮರುದಿನದಿಂದಲೇ ಲುಟ್‌ಗಾರ್ಡ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಗೆಂಟ್ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಟ್ರಾಮ್ ಓಡಿಸಿದ ಹೆಂಗಸು ಅವಳು. ಊರೆಲ್ಲ ತನಗೆ ಅಂಗೈಗೆರೆಯಷ್ಟು ಗೊತ್ತು ಎಂದು ನಂಬಿಕೊಂಡಿದ್ದಳು. ಗೊತ್ತಿದ್ದದ್ದು ಹಳಿಯ ಎರಡೂ ಬದಿಯ ಮನೆಗಳ ಮುಂಬಾಗಿಲು ಮಾತ್ರ. ಅಡ್ಡಬೀದಿಗೆ ತಿರುಗಿ ಒಳಗೇನಿದೆ ಎಂದು ಇಣುಕಲು ಹಳಿ ಎಂದೂ ಬಿಟ್ಟಿರಲಿಲ್ಲ.

ಗಂಡ ಫರ್ಮಿನ್‌ದು ಬೇರೆಯೇ ಜಾಯಮಾನ. ಪಂದ್ಯದ ಪಾರಿವಾಳ ಸಾಕುವವನು. ಭಾನುವಾರ ಫ್ರಾನ್ಸಿನಲ್ಲೆಲ್ಲೋ ಬಿಟ್ಟ ಹಕ್ಕಿಗಳು ಹಿಂದಿರುಗುವ ತನಕ ಹಿತ್ತಲಲ್ಲಿ ಕುರ್ಚಿ ಹಾಕಿ ಆಕಾಶ ನೋಡುತ್ತ ಕೂತನೆಂದರೆ ಊಟಕ್ಕೂ ಏಳುವವನಲ್ಲ.

"ನೀನೂ ಒಂದು ಕುರ್ಚಿ ಎಳ್ಕೊಂಡು ಕೂತ್ಕೋ ಮಾರಾಯ್ತಿ. ಹಿಂಗೆ ಅಡ್ಡಾಡ್ತಿದ್ರೆ ಹಕ್ಕಿ ಕೆಳಗಿಳಿಯಲ್ಲ," ಎಂದು ಗೊಣಗುತ್ತಿದ್ದ.

"ಇಳೀದಿದ್ರೆ ಮೇಲೇ ಇರ್ಲಿ. ಎರಡು ನಿಮಿಷ ಕೂತ್ರೆ ಕಾಲಿಗೆ ಇರುವೆ ಹತ್ತಿದ ಹಾಗಾಗುತ್ತೆ ನಂಗೆ."

ಕೊನೆಗೆ ತಮ್ಮನ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸೈಕಲನ್ನು ಹೊರಗೆಳೆದಳು. ಬೀದಿ ಬಿಡದೆ ಊರು ಸುತ್ತುತ್ತೇನೆ ಎಂದಳು. ಅಡುಗೆಮನೆಯ ಗೋಡೆಗೆ ಊರಿನ ನಕ್ಷೆ ಅಂಟಿಸಿದಳು. ನೋಡಿ ಬಂದ ಬೀದಿಗೆಲ್ಲ ಕೆಂಪು ಸೀಸದಕಡ್ಡಿಯ ಗೆರೆ. ಸೈಕಲ್ ಹೋಗದ ಸಂದಿಗಳಲ್ಲಿ ಅದನ್ನು ಕಂಬಕ್ಕೆ ಬೀಗ ಹಾಕಿ ನಡೆದಳು. ಗೆಂಟ್‌ಬ್ರುಗ್ಗೆ ಬಡಾವಣೆಯ ಒಂದು ಗೋಡೆಯ ಹಿಂದೆ ತರಕಾರಿ ಮಡಿಗಳ ಸಾಲೇ ಇತ್ತು. ಅಲ್ಲೊಬ್ಬ ತುರ್ಕಿ ಅಜ್ಜ ಅವಳ ಬುಟ್ಟಿಗೆ ಕೇಳದೆಯೇ ಪುದೀನ ತುಂಬಿಸಿದ. ಮೌಡೆಯ ಹಳೆಯ ಬಂದರಿನಲ್ಲಿ ದೋಣಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವಳು, "ಬನ್ರೀ, ಕಾಫಿ ಕುಡಿದು ಹೋಗಿ," ಎಂದು ಕರೆದಳು. "ಇನ್ನೊಂದ್ಸಲ ಬರ್ತೀನಿ," ಎಂದಳು ಲುಟ್‌ಗಾರ್ಡ್, ಒಂದು ಕಾಲು ಆಗಲೇ ಪೆಡಲಿನ ಮೇಲಿತ್ತು. ಎಲ್ಲರಿಗೂ ಅದೇ ಉತ್ತರ. ಎಲ್ಲೇ ನಿಂತರೂ, ಹಿಂದಿನಿಂದ ಯಾರೋ ಹಾರ್ನ್ ಹೊಡೆದಂತೆ ಗಡಬಡಿಸಿ ಹೊರಟುಬಿಡುವಳು.

ಹದಿಮೂರು ತಿಂಗಳಲ್ಲಿ ನಕ್ಷೆ ಕೆಂಪಾಯಿತು. ಒಂದು ದಿನ ಬಟಾಣಿ ಸೂಪ್ ಕುಡಿಯುತ್ತಿದ್ದ ಫರ್ಮಿನ್ ಚಮಚದಿಂದಲೇ ಗೋಡೆ ತೋರಿಸಿದ.

"ರಬೊಟ್ ಬಡಾವಣೆ ಒಂದೇ ಯಾಕೆ ಬಿಳಿ ಉಳೀತು?"

"ಅಲ್ಲಿ ಕಲ್ಲುಹಾಸು ಸರಿಯಿಲ್ಲ. ಸೊಂಟ ಹೋಗುತ್ತೆ."

"ಊರಿಗೆಲ್ಲಾ ಇರೋ ಕಲ್ಲು, ಅಲ್ಲಿ ಮಾತ್ರ ಸೊಂಟ ಮುರಿಯುತ್ತಾ?" ಫರ್ಮಿನ್ ಚಮಚ ಕೆಳಗಿಟ್ಟ. "ಆಯಮ್ಮ ಇದ್ದಾಳೋ ಇಲ್ವೋ, ಅದನ್ನಾದ್ರೂ ಕೇಳ್ಕೊಂಡು ಬಾರೇ."

ಲುಟ್‌ಗಾರ್ಡ್ ಕುರ್ಚಿ ಹಿಂದೆ ತಳ್ಳಿದಳು. ಎದ್ದು ಬಟ್ಟಲು ತೊಳೆದಳು. ಅವನದ್ದಿನ್ನೂ ಖಾಲಿಯಾಗಿರಲಿಲ್ಲ, ಅದನ್ನೂ ಎತ್ತಿ ತೊಳೆದಳು.

ನಿವೃತ್ತಿಗೆ ಐದು ತಿಂಗಳಿದ್ದಾಗ, ನವೆಂಬರಿನ ಒಂದು ಮಂಜಿನ ಬೆಳಗ್ಗೆ, ರಬೊಟ್‌ನಲ್ಲಿ ಒಬ್ಬ ಮುದುಕಿ ಕೈಚೀಲ ಹಿಡಿದು ಹಳಿಗೆ ಇಳಿದಿದ್ದಳು. ಲುಟ್‌ಗಾರ್ಡ್ ಗಂಟೆ ಬಾರಿಸಿದಳು, ಬ್ರೇಕ್ ಎಳೆದಳು. ಟ್ರಾಮ್ ನಿಲ್ಲುವಷ್ಟರಲ್ಲಿ ಮುದುಕಿ ಅದು ತಾಗಿ ಬಿದ್ದಿದ್ದಳು, ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ವಿಚಾರಣೆಯಲ್ಲಿ ಚಾಲಕಿಯ ತಪ್ಪಿಲ್ಲವೆಂದು ತೀರ್ಮಾನವಾಯಿತು. ಗಾಯಾಳುವನ್ನು ನೀವಾಗಿ ಭೇಟಿಯಾಗಬೇಡಿ ಎಂದು ಟ್ರಾಮ್ ಕಂಪನಿಯವರು ಹೇಳಿದರು. ಆ ಮಾತು ಕೇಳಿದಾಗ ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಹಾಗೆ ಹಗುರಾದದ್ದೇ ಆಮೇಲೆ ಅವಳನ್ನು ಕೂರಲು ಬಿಡಲಿಲ್ಲ.

ಗುರುವಾರ ಬೆಳಗ್ಗೆ ಸೈಕಲ್ ಹತ್ತಿದಳು. ಮುದುಕಿಯ ಹೆಸರು, ವಿಳಾಸ ವಿಚಾರಣೆಯ ಕಾಗದದಲ್ಲಿ ಓದಿದ್ದು ಮರೆತಿರಲಿಲ್ಲ. ಆ ಬೀದಿಯ ತುದಿಯನ್ನು ಒಮ್ಮೆ ದಾಟಿ ಹೋದಳು. ಕಾಲುವೆಯ ತನಕ ಹೋಗಿ ತಿರುಗಿ ಇನ್ನೊಮ್ಮೆ ದಾಟಿದಳು. ಮೂರನೆಯ ಸಲ, ಅಂಗಡಿ ಮುಂದೆ ಪೆಟ್ಟಿಗೆ ಇಳಿಸುತ್ತಿದ್ದವನು ಕೇಳಿಯೇಬಿಟ್ಟ: "ಏನಕ್ಕಾ, ಏನಾದ್ರೂ ಬೀಳಿಸ್ಕೊಂಡ್ರಾ?"

ನಾಚಿಕೆಯಾಗಿ ಇಳಿದಳು. ಎರಡು ಮನೆಗಳ ನಡುವಿನ ಸಂದಿಯೊಳಗೆ, ಹಿಂದೆ ಗಿರಣಿ ಕೆಲಸದವರಿಗೆಂದು ಕಟ್ಟಿದ ಪುಟ್ಟ ಮನೆಗಳ ಸಾಲಿತ್ತು. ಮೂರನೇ ಬಾಗಿಲಲ್ಲಿ, ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಒಬ್ಬ ಮುದುಕಿ ಮಡಿಲಲ್ಲಿ ಸೀಗಡಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಊರುಗೋಲು.

"ಜುಲ್ಮಾ ಅಮ್ಮಾವ್ರು ನೀವೇನಾ?"

"ಕರೆಂಟಿನವಳಾದ್ರೆ ಮೀಟರ್ ಒಳಗಿದೆ. ಚರ್ಚಿನವಳಾದ್ರೆ ನಾನು ಮನೇಲಿಲ್ಲ."

"ನಾನು..." ಲುಟ್‌ಗಾರ್ಡ್ ಒಂದು ಹೆಜ್ಜೆ ಮುಂದೆ ಬಂದಳು. "ಆವತ್ತು ಟ್ರಾಮ್ ಓಡಿಸ್ತಿದ್ದವಳು ನಾನೇ."

ಮುದುಕಿ ಕೈಲಿದ್ದ ಸೀಗಡಿಯನ್ನು ಪೂರ್ತಿ ಸುಲಿದು ಬಟ್ಟಲಿಗೆ ಹಾಕಿದಳು. ಆಮೇಲೆ ತಲೆಯೆತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಗಂಟೆ ಹೊಡೆದವಳು?"

"ಹೊಡೆದೆ. ನಿಮಗೆ ಕೇಳಿಸ್ಲಿಲ್ವೇನೋ."

"ಚೆನ್ನಾಗೇ ಕೇಳಿಸ್ತು. ಎಂಬತ್ತು ವರ್ಷ ಟ್ರಾಮುಗಳು ನನಗೆ ನಿಂತಿವೆ, ಇದೂ ನಿಲ್ಲುತ್ತೆ ಅಂದ್ಕೊಂಡೆ." ಇನ್ನೊಂದು ಸೀಗಡಿ ಎತ್ತಿಕೊಂಡು ಕೇಳಿದಳು: "ಇಷ್ಟು ದಿನ ಎಲ್ಲಿದ್ದೆ?"

"ಊರು ಸುತ್ತುತ್ತಿದ್ದೆ. ಸೈಕಲ್ಲಲ್ಲಿ, ಕಾಲ್ನಡಿಗೇಲಿ. ಒಂದು ಬೀದಿ ಬಿಡದೆ." ಹೇಳುತ್ತಿದ್ದಂತೆ ಅದೆಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಅವಳಿಗೇ ಗೊತ್ತಾಯಿತು.

"ಭೇಷ್! ನನ್ನ ಕಾಲು ಮುರಿದು, ನಿನ್ನ ಕಾಲಿಗೆ ರೆಕ್ಕೆ ಬಂತು. ಊರೆಲ್ಲಾ ಸುತ್ತಿದವಳಿಗೆ ಈ ಸಂದಿಗೆ ದಾರಿ ಸಿಗಲಿಲ್ವೇನೇ?"

ಲುಟ್‌ಗಾರ್ಡ್ ಅತ್ತಳು. ಅಳು ನಿಲ್ಲುವ ತನಕ ಮುದುಕಿ ಸೀಗಡಿ ಸುಲಿದು, ಕೊನೆಗೆ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಕೈ ಚಾಚಿದಳು.

"ಏಳ್ಸು ನನ್ನ. ಬೇಕರಿ ತನಕ ಹೋಗೋಣ. ಒಬ್ಬಳೇ ಹೋಗ್ಬೇಡ ಅಂತ ಡಾಕ್ಟರ್ರು ಹೆದರ್ಸಿದಾನೆ. ಒಂದೂವರೆ ವರ್ಷ ಆಯ್ತು, ಬ್ರೆಡ್ಡು ಪಕ್ಕದ ಮನೆಯವಳು ತಂದುಕೊಡ್ತಾಳೆ. ಅವಳು ಆರಿಸಿದ ಬ್ರೆಡ್ಡು ತಿಂದು ಸಾಕಾಗಿದೆ."

ಬೇಕರಿ ಇನ್ನೂರು ಹೆಜ್ಜೆ. ನಲವತ್ತು ನಿಮಿಷ ಹಿಡಿಯಿತು. ನಾಲ್ಕು ಹೆಜ್ಜೆಗೊಮ್ಮೆ ಜುಲ್ಮಾ ನಿಲ್ಲುವಳು, ಯಾರ ಕಿಟಕಿಯ ಪರದೆ ಕೊಳೆಯಾಗಿದೆ ನೋಡುವಳು, ಯಾರದೋ ಬಾಗಿಲಿನ ಹೊಸ ಬಣ್ಣಕ್ಕೆ ಮೂತಿ ತಿರುಗಿಸುವಳು. ಲುಟ್‌ಗಾರ್ಡ್‌ಳ ಮೊಣಕಾಲು ಮಿಡುಕಿತು. ಓಡಿಬಿಡಬೇಕು ಅನ್ನಿಸಿತು. ಮುದುಕಿಯ ತೂಕ ಪೂರ್ತಿ ಅವಳ ಮೊಣಕೈ ಮೇಲಿತ್ತು, ಓಡುವ ಹಾಗಿರಲಿಲ್ಲ.

"ಯಾಕೆ ಹಿಂಗೆ ತುದಿಗಾಲಲ್ಲಿ ಕುಣೀತೀಯಾ? ಬಾತ್‌ರೂಮಿಗೆ ಹೋಗ್ಬೇಕಾ?"

"ಇಲ್ಲಮ್ಮ. ಅಭ್ಯಾಸ."

"ಕೆಟ್ಟ ಅಭ್ಯಾಸ. ಮುಂದಿನ ಗುರುವಾರ ಇನ್ನೂ ನಿಧಾನ ಹೋಗೋಣ."

ಆ ಮುಂದಿನ ಗುರುವಾರವೂ ಹೋದಳು, ಅದರ ಮುಂದಿನದೂ. ಫರ್ಮಿನ್ ನಕ್ಕ: "ಅಂತೂ ನಿನ್ನ ಬ್ರೇಕು ಸಿಕ್ತು ಬಿಡು." ಅದೇನೂ ನಿಜವಾಗಿರಲಿಲ್ಲ. ಉಳಿದ ಆರು ದಿನ ಲುಟ್‌ಗಾರ್ಡ್ ಮೊದಲಿಗಿಂತ ಹೆಚ್ಚು ದೂರ ತುಳಿಯುತ್ತಿದ್ದಳು, ಬುಧವಾರ ಸಂಜೆಗಂತೂ ಕೈಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಆದರೂ ಗುರುವಾರ ತಪ್ಪಲಿಲ್ಲ. ಜುಲ್ಮಾ ನಿನ್ನನ್ನು ಕ್ಷಮಿಸಿದ್ದೇನೆ ಎಂದು ಯಾವತ್ತೂ ಹೇಳಲಿಲ್ಲ. ಕೇಳುವ ಧೈರ್ಯ ಇವಳಿಗೂ ಇರಲಿಲ್ಲ.

ಮರುವರ್ಷ ಏಪ್ರಿಲಿನ ಒಂದು ಗುರುವಾರ ಇಬ್ಬರೂ ಬೇಕರಿಯನ್ನು ದಾಟಿ ಟ್ರಾಮ್ ಹಳಿಯ ತನಕ ಬಂದರು. ಜುಲ್ಮಾ ಆಚೆ ಬದಿ ನೋಡಿದಳು. ಅಲ್ಲಿ ಕಸಾಯಿ ಅಂಗಡಿಯವನು ಬಾಗಿಲು ತೆರೆಯುತ್ತಿದ್ದ.

"ಕಾಲು ಮುರಿಯೋಕೆ ಮುಂಚೆ ಅವನು ನನಗೆ ಹಳಸಿದ ಸಾಸೇಜ್ ಕೊಟ್ಟಿದ್ದ. ನಾಲ್ಕು ಮಾತು ಹೇಳೋದಿದೆ. ನಡಿ."

ದೂರದಲ್ಲಿ ಟ್ರಾಮೊಂದು ತಿರುವು ದಾಟಿ ಬರುತ್ತಿತ್ತು. ಲುಟ್‌ಗಾರ್ಡ್‌ಳ ಬಲಗೈ ಬ್ರೇಕ್ ಹಿಡಿದಂತೆ ತಾನಾಗಿಯೇ ಬಿಗಿದುಕೊಂಡಿತು.

"ಅದು ಹೋಗ್ಲಿ ತಡೀರಿ."

"ನಿಲ್ಲುತ್ತೆ ಬಾ."

"ನಿಲ್ಲಲ್ಲಮ್ಮ. ನಾನು ಓಡಿಸ್ದವಳು, ನನಗೆ ಗೊತ್ತು."

ಜುಲ್ಮಾ ಗೊಣಗಿಕೊಂಡೇ ನಿಂತಳು. ಟ್ರಾಮ್ ಇಬ್ಬರ ಮುಖಕ್ಕೂ ಗಾಳಿ ಹೊಡೆದು ಹೋಯಿತು. ಹಳಿ ಖಾಲಿಯಾದ ಮೇಲೂ ಲುಟ್‌ಗಾರ್ಡ್ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ ನೋಡಿದಳು. ಆಮೇಲೆ ಮುದುಕಿಯ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಹಲ್ಲು ಕಚ್ಚಿಕೊಂಡು, ದಾಟಿದಳು.