ಹಸಿರು ತಂತಿಯ ಗಂಟು

ದೆವ್ವ, ಗಾಳಿ ಎಂಬ ಮಾತು ಬಂದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತವಳು, ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಸಿಸ್ಟರ್‌ಗಳು ಹೇಳಿದ್ದನ್ನು ನಂಬಿದವಳು. ಈಗಲೂ ನಂಬುತ್ತೇನೆ. ಆದರೆ ಎಂಬತ್ತರ ದಶಕದಲ್ಲಿ, ಆಳಂದದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಕಂಡದ್ದಕ್ಕೆ ಮಾತ್ರ ಇನ್ನೂ ಕಾರಣ ಸಿಕ್ಕಿಲ್ಲ.

ನನ್ನ ಮೈದುನ ಶಿವು ವೈರ್‌ಮನ್. ಗೀಜರ್ ಕೂಡಿಸುವುದರಲ್ಲಿ ಅವನ ಕೈ ಚೊಕ್ಕ. ಮೊದಲು ಮೇನ್ ಸ್ವಿಚ್ ತೆಗೆದು, ಟೆಸ್ಟರ್ ಇಟ್ಟು ನೋಡುತ್ತಿದ್ದ. ಕರೆಂಟು ತರುವ ಕೆಂಪು ತಂತಿ, ನೀರಿನ ಕಾವು ಹಿಡಿತದಲ್ಲಿಡುವ ಥರ್ಮೋಸ್ಟಾಟಿಗೆ. ಕರೆಂಟು ಮರಳಲು ಕರಿದು. ಹಸಿರು ಟ್ಯಾಂಕಿನ ಮೈಗೆ, ಅಲ್ಲಿಂದ ಭೂಮಿಗೆ. ಕೆಂಪು ಹಸಿರು ಅದಲುಬದಲಾದರೆ ಟ್ಯಾಂಕ್ ಮುಟ್ಟಿದವರು ಉಳಿಯುವುದಿಲ್ಲ ಎಂದು ನನಗೆ ಹೇಳಿಕೊಟ್ಟವನೇ ಅವನು.

ಅವನಿಗೆ ಆ ಎರಡು ಬಣ್ಣಗಳ ವ್ಯತ್ಯಾಸ ಕಾಣುತ್ತಿರಲಿಲ್ಲ. ಒಂದು ದಿನ ಹಿತ್ತಲಿನ ಗಿಡದಿಂದ ಹಣ್ಣಾದ ಮೆಣಸಿನಕಾಯಿ ಹರಿದು ತಾ ಎಂದರೆ ಬರೀ ಹಸಿರು ಕಾಯಿ ತಂದ. "ಕಣ್ಣು ಬಜಾರದಾಗ ಬಿಟ್ಟು ಬಂದಿಯೇನಲೇ?" ಎಂದು ಅತ್ತೆ ನಕ್ಕರು. ನಾನು ನಗಲಿಲ್ಲ. ಆಮೇಲೆ ಅಡಿಗೆಮನೆಗೆ ಬಂದು ಮೆಲ್ಲಗೆ ಹೇಳಿದ: "ಯಾರ ಮುಂದನೂ ಹೇಳಬ್ಯಾಡ್ರಿ ವೈನಿ. ಇರೋ ಒಂದು ಕೆಲಸನೂ ಹೋಗ್ತದ."

ಅಂದಿನಿಂದ ಕೆಲಸಕ್ಕೆ ಹೊರಡುವ ಮುನ್ನ ವೈರ್ ತಂದು ನನ್ನ ಮುಂದೆ ಹಿಡಿಯುತ್ತಿದ್ದ. ಕೆಂಪಿನ ಎರಡೂ ತುದಿಗೆ ನಾನು ಗಂಟು ಹಾಕಿಕೊಡುತ್ತಿದ್ದೆ.

ಒಂದು ಮುಂಜಾನೆ ಅಫಜಲಪುರಕ್ಕೆ ಹೊರಟವನು ಹಾಗೆಯೇ ಬಂದು ನಿಂತ. ನಾನು ರೊಟ್ಟಿ ಬಡಿಯುತ್ತಿದ್ದೆ. ಅಂದು ಯಾಕೋ ಸಿಡುಕಿತ್ತು. ಹಿಟ್ಟಿನ ಕೈ, ಸ್ವಲ್ಪ ತಡಿ ಎಂದೆ, ತಲೆ ಸಹ ಎತ್ತಲಿಲ್ಲ.

"ಬಸ್ ಹೋಗ್ತದ ವೈನಿ. ಇರ್ಲಿ, ಇವತ್ತ ಗಂಟು ನಾನೇ ಹಾಕ್ಕೋತೇನಿ" ಎಂದು ನಕ್ಕು ಹೋದ.

ಸಂಜೆ ಅವನ ಹೆಣ ಬಂತು. ಕೆಲಸ ಮುಗಿಸಿ, ಮೇನ್ ಹಾಕಿ, ಟ್ಯಾಂಕ್ ಬಿಸಿಯಾಯಿತೇ ಎಂದು ಮುಟ್ಟಿ ನೋಡಿದನಂತೆ. ಗೋಡೆಯ ಕಡೆಯ ತುದಿಯನ್ನು ಆ ಮನೆಯ ಹುಡುಗ ಬಣ್ಣ ನೋಡಿ ಕೂಡಿಸಿದ್ದನಂತೆ; ಟ್ಯಾಂಕಿನ ಕಡೆ ಶಿವು ತನ್ನ ಗಂಟು ನೋಡಿ ಕೂಡಿಸಿರಬೇಕು. ಗಂಟಿನ ವಿಷಯ ನಾನು ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಮರುವರ್ಷ ಚಳಿಗಾಲದಲ್ಲಿ ನಮ್ಮ ಮನೆಯ ಗೀಜರಿನ ಥರ್ಮೋಸ್ಟಾಟ್ ಕೆಟ್ಟು, ವೈರೂ ಸುಟ್ಟಿತು. ಯಜಮಾನರು ಹೊಸ ವೈರ್ ತಂದುಕೊಟ್ಟರು. ಸುತ್ತಿದ ಕಾಗದ ಹರಿದಿರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಮಧ್ಯಾಹ್ನ ಜೇವರ್ಗಿ ಕಡೆಯ ಒಬ್ಬ ವಯಸ್ಸಾದ ವೈರ್‌ಮನ್ ಬಂದ. ನನ್ನೆದುರೇ ಕಾಗದ ಹರಿದು, ವೈರ್ ಬಿಡಿಸಿ ನಿಂತುಬಿಟ್ಟ.

"ಅಕ್ಕಾರ, ಹಸರಿಗೆ ಯಾರು ಗಂಟು ಹಾಕ್ಯಾರ್ರಿ?"

ಎರಡೂ ತುದಿಗೆ. ಹಸಿರಿಗೆ. ನಾನು ಹಾಕಿದ್ದರೆ ಕೆಂಪಿಗೆ ಹಾಕಿರುತ್ತಿದ್ದೆ. ಕೆಂಪೆಂದುಕೊಂಡು ಹಸಿರಿಗೆ ಹಾಕುವವನು ಶಿವು ಒಬ್ಬನೇ.

ಅಂಗಡಿಯಲ್ಲಿ ಯಾರೋ ಹಾಕಿರಬೇಕು ಎಂದರು ಯಜಮಾನರು. ಇರಬಹುದು. ವೈರ್‌ಮನ್ ಕತ್ತರಿಸಿ ಎಸೆದ ಆ ಎರಡು ತುಂಡುಗಳನ್ನು ಎತ್ತಿ ಗುಂಡಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಗಂಟು ಬಿಚ್ಚಿಲ್ಲ. ಶಿವು ನನ್ನನ್ನು ದೂರಲು ಬಂದಿದ್ದನೋ, ತಪ್ಪು ತನ್ನದೇ ಎಂದು ಹೇಳಲು ಬಂದಿದ್ದನೋ, ಯಾರೂ ಬಂದಿರಲೇ ಇಲ್ಲವೋ, ನನಗೆ ತಿಳಿಯದು. ಈಗ ಯಾರಾದರೂ ಬಾಗಿಲಲ್ಲಿ ನಿಂತು ಇದಿಷ್ಟು ನೋಡ್ರಿ ಎಂದರೆ, ಹಿಟ್ಟಿನ ಕೈಯಲ್ಲೇ ಎದ್ದು ಹೋಗುತ್ತೇನೆ.